ಸಡಿಲ ಹೊಲಿಗೆ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕರಿ ಕೊಡೆ. ಅದು ಊರ ಪಾದ್ರಿಗಳದು. ಸ್ಮಶಾನದಲ್ಲಿ, ಹೆಣ ಮಣ್ಣು ಮಾಡುವಾಗ ಮಾತ್ರ ಬಿಚ್ಚುವಂಥದ್ದು. ಅಂಥ ಕೊಡೆಯನ್ನು ಹಿಡಿದುಕೊಂಡು, ಕುದುರೆಗಳಿಗೆ ಜೀನು ಹೊಲಿಯುವ ವೆಂಡೆಲಿನ್ ಒಬ್ಬ ಮದುಮಗಳ ಪಕ್ಕದಲ್ಲಿ ನೆನೆಯುತ್ತ ನಿಂತಿದ್ದ. ಕೊಡೆ ಪೂರ್ತಿ ಅವಳ ಮೇಲಿತ್ತು. ಅದರ ಅಂಚಿನಿಂದ ಇಳಿಯುವ ನೀರು ಪೂರ್ತಿ ಇವನ ಕುತ್ತಿಗೆಯೊಳಕ್ಕೆ ಹೋಗುತ್ತಿತ್ತು.

ಹಿಂಟರ್‌ಮೋಸ್‌ ಹಳ್ಳಿಯಲ್ಲಿ ಅಕ್ಟೋಬರ್ ಎಂದರೆ ಮಳೆ, ಮಂಜು, ಮನೆಮನೆಯಲ್ಲೂ ಹುಳಿ ಬರಿಸಿದ ಎಲೆಕೋಸಿನ ವಾಸನೆ. ಆ ವರ್ಷ ಇವುಗಳ ಜೊತೆಗೆ ಮ್ಯೂನಿಕ್‌ನಿಂದ ಒಂದು ಸಿನಿಮಾ ತಂಡವೂ ಬಂದಿತ್ತು. ಊರಿನವರು ತಾತನ ಕಾಲದಿಂದ ಬಿಯರ್ ಮನೆಯ ಅಟ್ಟದ ಮೇಲೆ ಆಡಿಕೊಂಡು ಬಂದಿದ್ದ ನಾಟಕವನ್ನು ಅವರು ಸಿನಿಮಾ ಮಾಡುತ್ತಿದ್ದರು. ಕತೆ ದೊಡ್ಡದೇನಲ್ಲ. ಬಿಯರ್ ಭಟ್ಟಿಯ ಯಜಮಾನನಿಗೆ ಒಬ್ಬಳು ಮಗಳು, ಅವಳಿಗೆ ಮೂವರು ವರರು. ಒಬ್ಬನಿಗೆ ದುಡ್ಡಿದೆ, ಒಬ್ಬನಿಗೆ ರೂಪವಿದೆ. ನಡುವಿನವನಿಗೆ ಎರಡೂ ಇಲ್ಲ. ಅವನು ಮೊಣಕಾಲೂರಿ ಪ್ರೇಮದ ಮಾತಾಡುತ್ತಾನೆ, ಅವಳು ತಲೆ ಮೇಲೆ ಒಂದು ಬಕೆಟ್ ನೀರು ಸುರಿಯುತ್ತಾಳೆ, ಜನ ನಗುತ್ತಾರೆ. ಈ ನಡುವಿನವನ ಪಾತ್ರವನ್ನು ವೆಂಡೆಲಿನ್ ಮೀಸೆ ಕಪ್ಪಿದ್ದಾಗಿನಿಂದ ಮಾಡುತ್ತಿದ್ದ. ಈಗ ಮೀಸೆ ಬೆಳ್ಳಗಾಗುತ್ತಿತ್ತು.

ಸಿನಿಮಾದಲ್ಲಿ ಆ ಪಾತ್ರ ಅವನಿಗೆ ಸಿಗಲಿಲ್ಲ. ಮ್ಯೂನಿಕ್‌ನ ಯಾವನೋ ನಟ ರಬ್ಬರಿನ ಮೂಗು ಅಂಟಿಸಿಕೊಂಡು ಅದನ್ನು ಮಾಡುತ್ತಿದ್ದ. "ನಿಮ್ಮ ಮುಖ ತೀರಾ ಸಪ್ಪೆ ಆಯ್ತು, ನಗು ಬರಲ್ಲ," ಎಂದು ಡೈರೆಕ್ಟರ್ ಟಿಲ್ಮಾನ್ ಸಾಹೇಬರು ಮುಖಕ್ಕೆ ಹೊಡೆದ ಹಾಗೆ ಹೇಳಿ, ಇವನ ಕೈಗೆ ಕೊಡೆ ಹಿಡಿಯುವ ಕೆಲಸ ಕೊಟ್ಟಿದ್ದರು. ವೆಂಡೆಲಿನ್‌ಗೆ ನೋವಾಗಿತ್ತು. ಆದರೂ ಆ ದಿನ ಅವನು ದೇವರಿಗೆ ಕೃತಜ್ಞನಾಗಿದ್ದ. ಏಕೆಂದರೆ ಕೊಡೆಯ ಕೆಳಗೆ ಇದ್ದವಳು ಅಫ್ರಾ.

ಅಫ್ರಾ ನಿಜವಾದ ಮದುಮಗಳೂ ಅಲ್ಲ, ಸಿನಿಮಾದ ನಾಯಕಿಯೂ ಅಲ್ಲ. ಚರ್ಮದ ಪಟ್ಟಿಯ ಬುಟ್ಟಿ ಬೆನ್ನಿಗೆ ಹೊತ್ತು ಮನೆಮನೆಗೆ ಬ್ರೆಡ್ ಹಂಚುವವಳು. ಗಂಡ ಯುದ್ಧಕ್ಕೆ ಹೋದವನು ರಷ್ಯಾದ ಹಿಮದಲ್ಲೇ ಉಳಿದ. ಮ್ಯೂನಿಕ್‌ನ ನಾಯಕಿ, ಮಳೆ ನಿಲ್ಲುವವರೆಗೂ ಬಸ್ಸಿನಿಂದ ಕಾಲು ಕೆಳಗಿಡುವುದಿಲ್ಲವೆಂದು ಹಠ ಹಿಡಿದು ಕೂತಿದ್ದರಿಂದ, ಅದೇ ಎತ್ತರದ ಅಫ್ರಾಗೆ ಮದುವೆಯ ಉಡುಪು ತೊಡಿಸಿ, ಮುಸುಕು ಹಾಕಿ, ಚರ್ಚಿನ ಮುಂದೆ ಕುರ್ಚಿಯಲ್ಲಿ ಕೂರಿಸಿ, ದೀಪ ಎಲ್ಲಿಡಬೇಕು, ಕ್ಯಾಮೆರಾ ಎಲ್ಲಿಡಬೇಕು ಎಂದು ನೋಡುತ್ತಿದ್ದರು.

ವೆಂಡೆಲಿನ್‌ಗೆ ಅವಳ ಮೇಲೆ ಮನಸ್ಸಿತ್ತು. ಇದು ಇಡೀ ಊರಿಗೆ ಗೊತ್ತಿತ್ತು. ಹೇಳಬೇಕಾದವಳಿಗೆ ಮಾತ್ರ ಅವನು ಹೇಳಿರಲಿಲ್ಲ. ವರ್ಷಗಟ್ಟಲೆ ಅಂಗಡಿಯಲ್ಲಿ ತೂಗುಹಾಕಿದ ಕುದುರೆಯ ಕೊರಳಪಟ್ಟಿಗಳ ಮುಂದೆ ನಿಂತು ಅಭ್ಯಾಸ ಮಾಡಿದ್ದ. ಕೊರಳಪಟ್ಟಿಗಳು ಎಲ್ಲವನ್ನೂ ಒಪ್ಪಿಕೊಂಡಿದ್ದವು. ಆದರೆ ಇನ್ನು ಸಮಯವಿರಲಿಲ್ಲ. ಭಾನುವಾರದ ಬಸ್ಸಿಗೆ ಅಫ್ರಾ ಔಗ್ಸ್‌ಬುರ್ಗ್‌ನಲ್ಲಿದ್ದ ತಂಗಿಯ ಮನೆಗೆ ಹೊರಡುವವಳಿದ್ದಳು. ಅಲ್ಲಿ ಲಾಂಡ್ರಿ ಇಟ್ಟುಕೊಂಡಿರುವ ಒಬ್ಬ ವಿಧುರ ಇವಳನ್ನು ಕೇಳಿದ್ದಾನಂತೆ. ಇವತ್ತು ಶುಕ್ರವಾರ.

ವೆಂಡೆಲಿನ್ ಗಂಟಲು ಸರಿ ಮಾಡಿಕೊಂಡ.

"ಅಫ್ರಾ, ಆ ಭಾನುವಾರದ ಬಸ್ಸು..."

ಮುಸುಕಿನೊಳಗಿಂದ ಅಫ್ರಾ ತಿರುಗಿದಳು. "ಹೂಂ? ಭಾನುವಾರದ ಬಸ್ಸಿಗೇನು?"

ಅಷ್ಟರಲ್ಲಿ ತಗಡಿನ ಕಹಳೆಯೊಳಗಿಂದ ಡೈರೆಕ್ಟರರ ದನಿ ಮೊಳಗಿತು. "ಏನ್ರೀ ಅದು! ಮದುವೆ ಮಾಡ್ತಿದೀರೋ, ಮಣ್ಣು ಮಾಡ್ತಿದೀರೋ? ತೆಗೀರಿ ಆ ಕರಿ ಕೊಡೆ! ಕೆಂಪು ಕೊಡೆ ತನ್ನಿ, ಕೆಂಪು!"

"ಹೋಗಿ ಬಾ," ಎಂದಳು ಅಫ್ರಾ. "ಬಂದು ಹೇಳು. ಅಷ್ಟರೊಳಗೆ ನಾನೆಲ್ಲಿ ಓಡಿ ಹೋಗ್ತೀನಿ?"

ಇಡೀ ಊರಿನಲ್ಲಿ ಕೆಂಪು ಕೊಡೆ ಇದ್ದದ್ದು ಕಮ್ಮಾರ ಕ್ವಿರಿನ್‌ನ ಹೆಂಡತಿ ಕ್ರೆಸೆನ್ಸ್‌ಳ ಹತ್ತಿರ ಮಾತ್ರ. ಊರ ನಾಟಕದಲ್ಲಿ ಭಟ್ಟಿಯ ಮಗಳ ಪಾತ್ರ ಅವಳದೇ. ಆ ಮಗಳಿಗೆ ನಾಟಕದಲ್ಲಿ ಹದಿನೆಂಟು ತುಂಬಿದ್ದೇ ಇಲ್ಲ. ಕ್ರೆಸೆನ್ಸ್‌ಗೆ ಮಾತ್ರ ಮೊಮ್ಮಗ ಹುಟ್ಟಿ ಹಲ್ಲು ಬಂದಿತ್ತು, ಅವಳ ರವಿಕೆಯನ್ನು ಅಫ್ರಾ ವರ್ಷಕ್ಕಿಷ್ಟು ಬಿಚ್ಚಿ ಅಗಲ ಮಾಡುತ್ತಿದ್ದಳು. ತನ್ನ ಪಾತ್ರವನ್ನು ಮ್ಯೂನಿಕ್‌ನ ಕಡ್ಡಿಯೊಂದಕ್ಕೆ ಕೊಟ್ಟ ಮೇಲೆ ಕ್ರೆಸೆನ್ಸ್ ಚಿತ್ರೀಕರಣದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

"ಕೊಡೆ ಯಾರಿಗೆ?" ಎಂದಳು ಬಾಗಿಲಿಗೆ ಅಡ್ಡ ನಿಂತು.

"ಮದುಮಗಳಿಗೆ."

"ಆ ಕಡ್ಡಿಗಾ? ನೆನೀಲಿ ಬಿಡು."

"ಅಲ್ಲ, ಅಫ್ರಾ ಕೂತಿದಾಳೆ."

ಕ್ರೆಸೆನ್ಸ್‌ಳ ಮುಖ ತಟ್ಟನೆ ಬದಲಾಯಿತು. ಅವನನ್ನು ಒಳಗೆಳೆದು ಒಲೆಯ ಪಕ್ಕ ಕೂರಿಸಿದಳು. "ಹೇಳಿದೆಯೇನೋ ಅವಳಿಗೆ?"

"ಏನನ್ನ?"

"ಏನನ್ನ ಅಂತೆ! ಊರ ಕೋಳಿಗಳಿಗೆಲ್ಲ ಗೊತ್ತಿರೋದನ್ನ. ಅಯ್ಯೋ ನಿನ್ನ! ನಿನ್ನ ಜಾಗದಲ್ಲಿ ಒಂದು ಕಂಬ ನಿಂತಿದ್ರೂ ಇಷ್ಟೊತ್ತಿಗೆ ಅದಕ್ಕೆ ಮದುವೆ ಆಗ್ತಿತ್ತು."

"ಹೇಳ್ತಾ ಇದ್ದೆ. ಅಷ್ಟರಲ್ಲಿ ಕೊಡೆ ತಾ ಅಂದ್ರು. ತಡ ಆಗ್ತಿದೆ ಕ್ರೆಸೆನ್ಸ್."

ತಡವಾಗುತ್ತಿದ್ದರೂ ಅವಳು ಬಿಡಲಿಲ್ಲ. ಒಂದು ಬಟ್ಟಲು ಸೂಪು ಕುಡಿಸಿದಳು, ಕೋಟಿನ ಗುಂಡಿ ಸರಿಯಾಗಿ ಹಾಕಿದಳು, ಕೂದಲಿಗೆ ನೀರು ಸವರಿದಳು. ಆ ಕೂದಲಿಗೆ ಇನ್ನು ನೀರು ಬೇಕಾಗಿರಲಿಲ್ಲ. ಕೊನೆಗೆ ಅಟ್ಟದಿಂದ ಕೆಂಪು ಕೊಡೆ ಇಳಿಸಿ ಕೊಟ್ಟು, ಎರಡೂ ಕೈಯ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿ ಬಿಗಿಯಾಗಿ ಅದುಮಿ ತೋರಿಸಿದಳು. ಒಬ್ಬರಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಬಯಸುವಾಗ ಅಲ್ಲಿಯವರು ಮಾಡುವುದೇ ಹಾಗೆ.

"ಎರಡೂ ಹೆಬ್ಬೆರಳು ಹಿಡ್ಕೊಂಡಿರ್ತೀನಿ ಕಣೋ ನಿನಗೋಸ್ಕರ. ಹಿಟ್ಟು ಕಲಸೋದು ಆಮೇಲೆ. ಓಡು!"

ವೆಂಡೆಲಿನ್ ಓಡಿದ. ಕೆಂಪು ಕೊಡೆಗೆ ಒಂದು ಕಡ್ಡಿ ಮುರಿದಿತ್ತು. ಅದು ತನಗೆ ಮನಸ್ಸು ಬಂದಾಗ ಬಿಚ್ಚಿಕೊಳ್ಳುವ, ಬೇಡವಾದಾಗ ಮುಚ್ಚಿಕೊಳ್ಳುವ ಜಾತಿಯದು. ದಾರಿಯುದ್ದಕ್ಕೂ ಅದರೊಂದಿಗೆ ಗುದ್ದಾಡುತ್ತ ಅವನು ಚರ್ಚಿನ ಮುಂದೆ ಬಂದು ನೋಡುತ್ತಾನೆ, ಕುರ್ಚಿ ಖಾಲಿ.

ಸುತ್ತ ನಿಂತಿದ್ದ ಊರಿನವರು ಯಾರೂ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಎಲ್ಲರ ತುಟಿಯೂ ಒಂದೇ ರೀತಿ ಓರೆಯಾಗಿತ್ತು.

"ಕದ್ದರಾ?" ಎಂದ.

"ಕದ್ದರು," ಎಂದ ಊರಿನ ಪೊಲೀಸಿನವನು ತೃಪ್ತಿಯಿಂದ. "ಕ್ವಿರಿನ್, ಅವನ ಹುಡುಗರು. ಕಾಯೋನು ಇರಲಿಲ್ಲ. ಎತ್ಕೊಂಡು ಹೋದರು."

ಡೈರೆಕ್ಟರ್ ಟಿಲ್ಮಾನ್ ಹೊಟ್ಟೆಯ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತ ಬಂದರು. ಮೋಡ ಸ್ವಲ್ಪ ಹರಿದು, ಎಷ್ಟೋ ದಿನಗಳ ಮೇಲೆ ಒಂದು ಚೂರು ಬೆಳಕು ಬಂದಿತ್ತು. ನಾಯಕಿ ಕೊನೆಗೂ ಇಳಿಯಲು ಒಪ್ಪಿದ್ದಳು. ಆದರೆ ಇದ್ದ ಒಂದೇ ಮದುವೆಯ ಉಡುಪು ಅಫ್ರಾಳ ಮೈಮೇಲಿತ್ತು. ನಾಯಕಿ ಒಳಲಂಗದಲ್ಲಿ ಬಸ್ಸಿನಲ್ಲಿ ಕೂತು ಸಾಸೇಜು ತಿನ್ನುತ್ತಿದ್ದಳು.

"ಪೊಲೀಸಿನವರೇ, ಕಳ್ಳರು ಯಾರಂತ ಗೊತ್ತಿದ್ದೂ ನಿಂತಿದೀರಲ್ರೀ! ಹಿಡೀರಿ!"

"ಇದರಲ್ಲಿ ಕಾನೂನಿಗೇನು ಕೆಲಸ ಸ್ವಾಮಿ? ಮದುವೆ ದಿನ ಮದುಮಗಳನ್ನ ಕದಿಯೋದು ಪದ್ಧತಿ."

"ಅವಳು ಮದುಮಗಳೇ ಅಲ್ಲ ಕಣ್ರೀ!"

"ಮುಸುಕು ಇತ್ತಲ್ಲ."

"ಅದು ಸಿನಿಮಾ ಮುಸುಕು!"

"ನಮ್ಮ ಹುಡುಗರಿಗೆ ಅದೆಲ್ಲ ತಿಳಿಯಲ್ಲ ಸ್ವಾಮಿ. ಮುಸುಕು ಕಂಡ್ರೆ ಕೈ ಕಡಿಯುತ್ತೆ. ಇನ್ನು ಕಳ್ಕೊಂಡೋನೇ ಹುಡುಕಿ ಬಿಡಿಸ್ಕೊಂಡು ಬರಬೇಕು." ಪೊಲೀಸಿನವನು ವೆಂಡೆಲಿನ್‌ನ ಭುಜ ತಟ್ಟಿದ. "ನಡೆಯಪ್ಪ ಮದುಮಗನೇ."

ಮದುಮಗ ಎಂಬ ಮಾತು ಕೇಳಿ ವೆಂಡೆಲಿನ್‌ನ ಕಿವಿ ಬಿಸಿಯಾಯಿತು. ಜನ ಹೋ ಎಂದು ನಕ್ಕರು. ಅವನು ಕೆಂಪು ಕೊಡೆ ಕಂಕುಳಲ್ಲಿಟ್ಟುಕೊಂಡು ಮೇಲ್ಕೇರಿಯ ಬಿಯರ್ ಮನೆಯ ಕಡೆ ಹೊರಟ. ಹಿಂದೆಯೇ, ಉಡುಪು ಉಡುಪು ಎಂದು ಕೂಗುತ್ತ ಡೈರೆಕ್ಟರು. ಬೆಳಕು ಆಗಲೇ ಮತ್ತೆ ಮೋಡದೊಳಗೆ ಸೇರಿಕೊಂಡಿತ್ತು.

ಮೇಲ್ಕೇರಿಯಲ್ಲಿ ಕಳ್ಳರು ಇರಲಿಲ್ಲ. ಅವರು ಕುಡಿದು ಬಿಟ್ಟ ಲೋಟಗಳಿದ್ದವು. ಬಿಯರ್ ಮನೆಯ ಯಜಮಾನಿ ಅವನ ಸೊಂಟಕ್ಕೆ ಹೂವಿನ ಏಪ್ರನ್ ಕಟ್ಟಿದಳು.

"ಬೇರೆಯವರ ಮದುವೇಲಿ ನೀನೂ ಕದ್ದೋನೇ ತಾನೆ? ಗೊತ್ತಲ್ಲ ಪದ್ಧತಿ. ಲೋಟ ತೊಳಿ. ಆಮೇಲೆ ಎಲ್ಲಿ ಹೋದರು ಅಂತ ಹೇಳ್ತೀನಿ."

ವೆಂಡೆಲಿನ್ ತೊಳೆದ. ಕಳ್ಳರ ಲೋಟಗಳ ಜೊತೆಗೆ ಬೆಳಗಿನಿಂದ ಬಿದ್ದಿದ್ದ ಬೇರೆಯವರ ಲೋಟಗಳನ್ನೂ ಯಜಮಾನಿ ಮೆಲ್ಲಗೆ ಸೇರಿಸಿದಳು. ಒಂದು ಲೋಟದ ಅಂಚಿನಲ್ಲಿ ಸಿನಿಮಾದವರು ಅಫ್ರಾಳ ತುಟಿಗೆ ಬಳಿದಿದ್ದ ಬಣ್ಣವಿತ್ತು. ಅದನ್ನು ತೊಳೆಯಲು ಅವನಿಗೆ ಮನಸ್ಸು ಬರಲಿಲ್ಲ. ಯಜಮಾನಿ ನೋಡುತ್ತಿದ್ದಳು, ತೊಳೆದುಬಿಟ್ಟ.

ಕೆಳಕೇರಿಯ ಬಿಯರ್ ಮನೆಯಲ್ಲಿ ಪೊರಕೆಯ ಜೊತೆ ಕುಣಿಯಬೇಕಿತ್ತು, ಅದೂ ಮೇಜಿನ ಮೇಲೆ. ಅಕಾರ್ಡಿಯನ್ ಬಾರಿಸುವ ಮುದುಕ ಬೇಕೆಂದೇ ಓಡುವ ತಾಳ ಹಿಡಿದ. ಏಪ್ರನ್ ಬಿಚ್ಚಲು ಮರೆತಿದ್ದ ವೆಂಡೆಲಿನ್, ಒದ್ದೆ ಕೋಟಿನಲ್ಲಿ, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಕೊಡೆ ಹಿಡಿದು ಗಿರಗಿರ ತಿರುಗಿದ. ನಡುವೆ ಕೊಡೆಗೆ ಮನಸ್ಸು ಬಂತು, ಭಡಕ್ಕನೆ ಬಿಚ್ಚಿಕೊಂಡು ತೂಗುದೀಪವನ್ನು ಕೆಡವಿತು. ಅವನ ಮುಖ ಮಾತ್ರ ಸಾವಿನ ಮನೆಗೆ ಬಂದವನ ಹಾಗೇ ಇತ್ತು. ಭಾನುವಾರಕ್ಕೆ ಉಳಿದಿದ್ದ ಹೊತ್ತು ಪೊರಕೆಯ ಜೊತೆ ಕಳೆಯುತ್ತಿದೆಯಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ.

ಕಿಟಕಿಯ ಗಾಜಿಗೆ ಮೂಗು ಒತ್ತಿ ಡೈರೆಕ್ಟರ್ ಟಿಲ್ಮಾನ್ ಇದನ್ನು ನೋಡುತ್ತಿದ್ದರು. ಬಾಯಿಯ ಮಾತ್ರೆ ಹಾಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಕಿಟಕಿಯಿಂದ ಮಾಯವಾದರು. ಆಮೇಲೆ ಉಡುಪು ಉಡುಪು ಎಂಬ ಕೂಗು ಕೇಳಲಿಲ್ಲ. ಪೀಡೆ ತೊಲಗಿತು ಎಂದುಕೊಂಡ ವೆಂಡೆಲಿನ್.

"ಬೆಂಕಿ ಇಲಾಖೆ ಶೆಡ್ಡಿಗೆ ಹೋಗು," ಎಂದ ಅಕಾರ್ಡಿಯನ್ ಮುದುಕ ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಇನ್ನೊಂದು ಸುತ್ತು ಕುಣಿದು ಹೋಗು ಮಾರಾಯ. ನನ್ನ ಹೆಂಡತಿ ಸತ್ತ ಮೇಲೆ ಇಷ್ಟು ನಕ್ಕಿರಲಿಲ್ಲ."

ವೆಂಡೆಲಿನ್ ಇನ್ನೊಂದು ಸುತ್ತು ಕುಣಿದು, ಮತ್ತೆ ಮಳೆಗಿಳಿದ.

ಊರಾಚೆ, ಬೆಂಕಿ ಆರಿಸುವ ಹಳೆಯ ಗಾಡಿ ನಿಲ್ಲಿಸುವ ಶೆಡ್ಡಿನಿಂದ ಹಾಡು ಕೇಳಿಬರುತ್ತಿತ್ತು. ತಗಡಿನ ಸೂರಿನ ಮೇಲೆ ಮಳೆ, ಕೆಳಗೆ ಕಮ್ಮಾರನ ಗಂಟಲು. ಪಕ್ಕದಲ್ಲಿ ಕುದುರೆ ಸತ್ತು ಬಿದ್ದರೂ ಯಾರಿಗೂ ತಿಳಿಯುವಂತಿರಲಿಲ್ಲ. ಒಳಗೆ ಅರೆಗತ್ತಲು. ಒಣಗಲು ತೂಗುಹಾಕಿದ್ದ ನೀರಿನ ಕೊಳವೆಗಳ ಸಾಲಿಗೆ ಬೆನ್ನು ಹಾಕಿ, ಅಫ್ರಾ ಒಂದು ಪೀಪಾಯಿಯ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಮುಸುಕು ಹಿಂದಕ್ಕೆ ಸರಿದಿತ್ತು. ಬಿಸಿ ವೈನು ಕುಡಿದು ಕೆನ್ನೆ ಕೆಂಪಗಾಗಿತ್ತು. ಸುತ್ತ ಕ್ವಿರಿನ್ ಮತ್ತು ಅವನ ಹುಡುಗರು.

ಬಾಗಿಲಲ್ಲಿ ಹೂವಿನ ಏಪ್ರನ್ ಕಟ್ಟಿಕೊಂಡು ನಿಂತವನನ್ನು ಕಂಡು ಅಫ್ರಾ ಎದ್ದು ನಿಂತಳು. "ಅಯ್ಯೋ, ನಿನ್ನ ಕೈಲಿ ಎಲ್ಲಾ ಪದ್ಧತೀನೂ ಮಾಡಿಸಿದರಾ?" ಎಂದಳು. ಅವಳು ನಗಲಿಲ್ಲ. ಆ ದಿನ ಅವನನ್ನು ನೋಡಿ ನಗದಿದ್ದವಳು ಅವಳೊಬ್ಬಳೇ.

ಕ್ವಿರಿನ್ ಮೂರು ಮೂಲೆಯ ಒಂದು ಸೌದೆಯ ತುಂಡನ್ನು ಅವಳ ಮುಂದೆ ನೆಲಕ್ಕೆ ಹಾಕಿದ. ಚೂಪು ಅಂಚು ಮೇಲೆ.

"ಮೊಣಕಾಲೂರು."

ಇದೂ ಪದ್ಧತಿಯೇ. ವೆಂಡೆಲಿನ್ ಸೌದೆಯ ಮೇಲೆ ಮೊಣಕಾಲೂರಿದ. ಕಣ್ಣಲ್ಲಿ ನೀರು ಬಂತು.

"ಪಾತ್ರೆ ತೊಳೀತೀಯಾ?" ಎಂದು ನ್ಯಾಯಾಧೀಶನ ಗತ್ತಿನಲ್ಲಿ ಕೇಳಿದ ಕ್ವಿರಿನ್.

"ತೊಳೆದೇ ಬಂದೆ."

"ಅವಳು ಹೇಳಿದ ಹಾಗೆ ಕುಣೀತೀಯಾ?"

"ಕುಣಿದೇ ಬಂದೆ."

"ಕುಡಿದು ಬಂದ್ರೆ ಕೊಟ್ಟಿಗೇಲಿ ಮಲಗ್ತೀಯಾ?"

"ನನಗೆಲ್ಲಿದೆಯೋ ಕೊಟ್ಟಿಗೆ?"

"ಸರಿ. ಈಗ ನಿನ್ನ ಬಾಯಿಂದ ಹೇಳು. ಇವಳನ್ನ ನಿನಗೆ ಯಾಕೆ ಕೊಡಬೇಕು?"

ವೆಂಡೆಲಿನ್ ಬಾಯಿ ತೆರೆದ. ಮೊಣಕಾಲೂರಿದ ಕೂಡಲೇ ಬಾಯಿಗೆ ಬರುವ ಮಾತು ಅವನಿಗೆ ಒಂದೇ ಇತ್ತು. "ಓ ಭಟ್ಟಿಯ ಮಗಳೇ, ನಿನ್ನ ಕೆನ್ನೆ ಸೇಬು, ನಿನ್ನ ಜಡೆ ಮಾಗಿದ ಗೋಧಿ..."

"ಲೇ, ಅದು ಬೇಡ! ಅದನ್ನ ವರ್ಷಾವರ್ಷ ಕೇಳಿದೀವಿ," ಎಂದು ಹುಡುಗರು ಕೂಗಿದರು.

ಸೌದೆಯ ಅಂಚು ಮೂಳೆಗೆ ತಾಗುತ್ತಿತ್ತು. ಕೊರಳಪಟ್ಟಿಗಳ ಮುಂದೆ ಒಪ್ಪಿಸಿದ್ದ ಚಂದದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಅವನು ತಲೆಯೆತ್ತಿ ಅಫ್ರಾಳ ಮುಖ ನೋಡಿದ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದಳು. ಆ ಮುಖ ಬಿಟ್ಟು ಬೇರೇನೂ ಅವನಿಗೆ ಕಾಣಲಿಲ್ಲ.

"ನಿನ್ನ ಬುಟ್ಟಿ ಪಟ್ಟಿ ಇದೆಯಲ್ಲ, ಅಫ್ರಾ," ಎಂದ. "ಅದು ಯಾಕೆ ಪದೇ ಪದೇ ಕಿತ್ತುಹೋಗುತ್ತೆ ಗೊತ್ತಾ? ನಾನೇ ಸಡಿಲ ಹೊಲೀತೀನಿ. ದಾರಕ್ಕೆ ಮೇಣಾನೂ ಹಚ್ಚಲ್ಲ. ಗಟ್ಟಿ ಹೊಲಿದ್ರೆ ನೀನು ಮತ್ತೆ ಬರಲ್ಲ ಅಂತ."

ಯಾರೋ ಕಿಸಕ್ಕೆಂದರು.

"ನಗಬೇಡ್ರೋ. ನಾನು ಕೆಟ್ಟ ಕೆಲಸಗಾರ ಅಲ್ಲ. ನಾನು ಹೊಲಿದ ಪಟ್ಟಿ ಹಾಕ್ಕೊಂಡು ಈ ಊರ ಕುದುರೆಗಳು ರಷ್ಯಾದ ತನಕ ಹೋದವು. ಹೊಲಿಗೆ ಬಿಡಲಿಲ್ಲ. ಕುದುರೆಗಳೇ ವಾಪಸ್ ಬರಲಿಲ್ಲ. ನಾನು ಬೇಕಂತ ಕೆಡಿಸಿದ ಕೆಲಸ ಅಂದ್ರೆ ಅದೊಂದೇ. ಒಂದು ಸಲ ಸೇತುವೆ ಹತ್ರ ಕಿತ್ತು, ನಿನ್ನ ಬ್ರೆಡ್ಡೆಲ್ಲ ಕೆಸರಿಗೆ ಬಿತ್ತು. ನೀನು ಅತ್ತೆ. ಆ ದಿನ ನನಗೆ ಊಟ ಸೇರಲಿಲ್ಲ. ನಾನೊಬ್ಬ ಪಾಪಿ ಅಂದ್ಕೊಂಡೆ. ಮಾರನೇ ದಿನ ನೀನು ಬುಟ್ಟಿ ತಂದೆ..." ಅವನ ಗಂಟಲು ಕಟ್ಟಿತು. "ಮತ್ತೆ ಸಡಿಲಾನೇ ಹೊಲಿದೆ."

ಈಗ ಯಾರೂ ನಗಲಿಲ್ಲ.

"ಭಾನುವಾರ ಹೋಗಬೇಡ. ನನ್ನ ಮನೆ ತುಂಬ ಚರ್ಮದ ವಾಸನೆ. ಟ್ರ್ಯಾಕ್ಟರ್ ಬಂದ ಮೇಲೆ ನನ್ನ ಕೆಲಸ ಯಾರಿಗೂ ಬೇಡ. ನಿನಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಆದ್ರೂ ಹೋಗಬೇಡ."

ಅಫ್ರಾ ಬಹಳ ಮೆತ್ತಗೆ, "ನಾನು ಬಸ್ಸು ಹತ್ತಲ್ಲ," ಎಂದಳು. "ಏಳು. ಮೊಣಕಾಲಲ್ಲಿ ರಕ್ತ ಬರ್ತಿದೆ."

ವೆಂಡೆಲಿನ್‌ನ ಬಾಳಿನಲ್ಲಿ ಅಂಥ ಸುಖದ ಗಳಿಗೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಅದು ಎಷ್ಟು ಹೊತ್ತು ಇತ್ತೆಂದರೆ, ಅವನು ಒಂದು ಮೊಣಕಾಲನ್ನು ಸೌದೆಯಿಂದ ಎತ್ತುವಷ್ಟು ಹೊತ್ತು.

"ನಿಲ್ಲಿಸಿ! ಅದ್ಭುತ! ಅದ್ಭುತ!"

ನೀರಿನ ಕೊಳವೆಗಳ ಪರದೆ ಸರಿಯಿತು. ಹಿಂದೆ ಕ್ಯಾಮೆರಾ ನಿಂತಿತ್ತು. ಅದರ ಪಕ್ಕ ಉದ್ದ ಕೋಲಿಗೆ ಕಟ್ಟಿದ ಮೈಕು, ಅದರ ಪಕ್ಕ ಎರಡು ಕೈ ಎತ್ತಿ ಕುಣಿಯುತ್ತಿದ್ದ ಡೈರೆಕ್ಟರ್ ಟಿಲ್ಮಾನ್. ಅವರ ಕಣ್ಣಲ್ಲಿ ನೀರಿತ್ತು. "ಆ ರಬ್ಬರ್ ಮೂಗಿನವನನ್ನ ಇವತ್ತೇ ವಾಪಸ್ ಕಳಿಸ್ತೀನಿ! ಏನು ಅಭಿನಯ ಕಣ್ರೀ! ಸಡಿಲ ಹೊಲಿಗೆ! ಎಲ್ಲಿಂದ ಹೊಳೀತ್ರೀ ಅದು?"

"ಹಿಂಬಾಗಿಲಿಂದ ನಾವೇ ಒಳಗೆ ಬಿಟ್ವಿ," ಎಂದ ಕ್ವಿರಿನ್ ತನ್ನ ಎದೆ ಬಡಿದುಕೊಂಡು. "ಸದ್ದು ಕೇಳದ ಹಾಗೆ ಹಾಡಿದ್ದು ನಾನು! ಲೇ ವೆಂಡೆಲಿನ್, ನಿಜ ಹೇಳು, ಒಂದು ಗಳಿಗೆ ನನಗೂ ಭಯ ಆಯ್ತು. ನೀನು ನಿಜವಾಗ್ಲೂ ಹೇಳ್ತಿದೀಯೇನೋ ಅಂತ!"

ಹುಡುಗರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಅಷ್ಟು ಹೊತ್ತಿಗೆ ಅರ್ಧ ಊರೇ ಸೇರಿತ್ತು. ವೆಂಡೆಲಿನ್‌ ಒಬ್ಬೊಬ್ಬರ ಮುಖವನ್ನೂ ನೋಡಿದ. ಹಾಗಾದರೆ ಇವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ ಬೆಪ್ಪ ಇಡೀ ಶೆಡ್ಡಿನಲ್ಲಿ ತಾನೊಬ್ಬನೇ.

ಅಫ್ರಾ ಅವನ ಹತ್ತಿರ ಬಂದಳು. ಅವಳ ಮುಖ ಬೀಟ್‌ರೂಟಿನಷ್ಟು ಕೆಂಪಾಗಿತ್ತು.

"ಕ್ಯಾಮೆರಾ ಇರೋದು ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು. ದನಿ ಅವನೊಬ್ಬನಿಗೆ ಕೇಳುವಷ್ಟೇ ಇತ್ತು.

ಗೊತ್ತಿರಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಸುತ್ತ ಅಷ್ಟು ಜನ, ಅಷ್ಟು ಹಲ್ಲು. ಇವಳೂ ಈ ಆಟದಲ್ಲಿ ಸೇರಿದವಳೇ, ಈಗ ನನ್ನ ಪೆದ್ದುತನವನ್ನು ಬಾಯಿ ಬಿಡಿಸಿ ಕೇಳುತ್ತಿದ್ದಾಳೆ ಎಂದು ಅವನಿಗನ್ನಿಸಿತು. ಅವನು ಏಪ್ರನ್ ಕೊಡವಿ, ಎದೆ ಸೆಟೆಸಿ, ಎಲ್ಲರಿಗೂ ಕೇಳುವಂತೆ ನಕ್ಕ.

"ಗೊತ್ತಿಲ್ಲದೆ ಇರುತ್ತಾ? ಇಷ್ಟು ವರ್ಷ ನಾಟಕ ಆಡಿದೋನಿಗೆ!"

ಅಫ್ರಾ ಅವನನ್ನು ಸ್ವಲ್ಪ ಹೊತ್ತು ನೋಡಿದಳು. "ನನಗೂ ಗೊತ್ತಿತ್ತು," ಎಂದಳು. ಆಮೇಲೆ ಮುಸುಕು ಬಿಚ್ಚಿ, ಮಡಿಸಿ, ಡೈರೆಕ್ಟರರ ಕೈಗೆ ಕೊಟ್ಟು, ಉಡುಪು ಬದಲಾಯಿಸಲು ಬಸ್ಸಿನ ಕಡೆ ನಡೆದಳು. ಕೆಂಪು ಕೊಡೆ ಹಿಡಿದು ಹಿಂದೆ ಹೋಗೋಣವೆಂದು ವೆಂಡೆಲಿನ್ ಗುಂಡಿ ಒತ್ತಿದ. ಕೊಡೆಗೆ ಮನಸ್ಸು ಬರಲಿಲ್ಲ.

ಶನಿವಾರ ಅವಳು ಅಂಗಡಿಗೆ ಬಂದಳು. ಬುಟ್ಟಿಯ ಪಟ್ಟಿ ಕಿತ್ತಿತ್ತು. ಈ ಸಲ ಹೊಲಿಗೆ ಬಿಟ್ಟಿರಲಿಲ್ಲ, ಚರ್ಮವೇ ಅಡ್ಡಕ್ಕೆ ಎರಡು ತುಂಡಾಗಿತ್ತು. ಇಲಿ ಕಡಿದಿರಬೇಕು ಎಂದುಕೊಂಡ ವೆಂಡೆಲಿನ್. ಕಿಟಕಿಯ ಹೊರಗೆ ಕ್ವಿರಿನ್‌ನ ಹುಡುಗರು ನಿಂತು, "ಸಡಿಲ! ಸಡಿಲ ಹೊಲಿ!" ಎಂದು ರಾಗವಾಗಿ ಕೂಗುತ್ತಿದ್ದರು. ನಾಚಿಕೆಯಿಂದ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಒಳ್ಳೆಯ ಹೊಸ ಚರ್ಮ ತೆಗೆದ, ದಾರಕ್ಕೆ ಚೆನ್ನಾಗಿ ಮೇಣ ಹಚ್ಚಿದ, ಎರಡೆರಡು ಸುತ್ತು ಹೊಲಿದ. ಅಫ್ರಾ ಪಕ್ಕದಲ್ಲೇ ನಿಂತು ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದಳು.

ಮುಗಿದ ಮೇಲೆ ಅವಳು ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿದಳು. "ಗಟ್ಟಿಯಾಗಿದೆ."

"ಇನ್ನು ಜನ್ಮದಲ್ಲಿ ಕೀಳಲ್ಲ," ಎಂದ ವೆಂಡೆಲಿನ್.

"ಹೌದು," ಎಂದಳು ಅಫ್ರಾ. "ಕೀಳಲ್ಲ."

ಭಾನುವಾರ ಅವಳು ಬಸ್ಸು ಹತ್ತಿದಳು. ಹೋಗಬೇಡ ಎಂದು ಇನ್ನೊಮ್ಮೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಬಸ್ ನಿಲ್ದಾಣದಲ್ಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು.

ಸಿನಿಮಾ ವಸಂತದಲ್ಲಿ ಪಕ್ಕದ ಪೇಟೆಗೆ ಬಂತು. ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಲು ಹೋಯಿತು. ವೆಂಡೆಲಿನ್‌ನನ್ನು ಎಳೆದುಕೊಂಡು ಹೋಗಿ ನಡುವಿನ ಸಾಲಿನಲ್ಲಿ ಕೂರಿಸಿದರು. ಅಫ್ರಾ ಬಂದಿರಲಿಲ್ಲ. ಲಾಂಡ್ರಿಯವನ ಜೊತೆ ಅವಳ ಮದುವೆ ಚಳಿಗಾಲದಲ್ಲೇ ಮುಗಿಯಿತೆಂದು ಕ್ರೆಸೆನ್ಸ್ ಅವನಿಗೆ ಸಮಾಧಾನವಾಗಿಯೇ ಹೇಳಿದ್ದಳು.

ಶೆಡ್ಡಿನ ದೃಶ್ಯ ಬಂದಾಗ ಇಡೀ ಚಿತ್ರಮಂದಿರ ಹೊಟ್ಟೆ ಹಿಡಿದುಕೊಂಡಿತು. ಬುಟ್ಟಿ ಪಟ್ಟಿಯ ಮಾತಿಗೆ ಜನ ಮುಂದಿನ ಕುರ್ಚಿಗಳನ್ನು ಗುದ್ದಿದರು. ಕ್ವಿರಿನ್ ಅತ್ತುಬಿಡುವಷ್ಟು ನಕ್ಕ. ಕುದುರೆಗಳು ವಾಪಸ್ ಬರಲಿಲ್ಲ ಎಂಬಲ್ಲಿಗೂ ನಕ್ಕರು. ಪರದೆಯ ಮೇಲೆ ಏಪ್ರನ್ ಕಟ್ಟಿದ ತನ್ನ ಸಪ್ಪೆ ಮುಖವನ್ನು ವೆಂಡೆಲಿನ್ ಹೆಚ್ಚು ಹೊತ್ತು ನೋಡಲಾರದೆ ಹೋದ. ಕಣ್ಣು ತಪ್ಪಿಸಿ, ಚಿತ್ರದ ಈಚೆ ಬದಿಯಲ್ಲಿ, ಹತ್ತಿರದಲ್ಲಿ, ಬಿಳಿಯಾಗಿ ಕಾಣುತ್ತಿದ್ದುದನ್ನು ನೋಡಿದ.

ಅದು ಅಫ್ರಾಳ ಬೆನ್ನು. ಕ್ಯಾಮೆರಾ ಇದ್ದದ್ದು ಅವಳ ಬೆನ್ನ ಹಿಂದೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಅವಳ ಎರಡು ಕೈಗಳಿದ್ದವು. ಎರಡೂ ಮುಷ್ಟಿ ಬಿಗಿದಿದ್ದಳು, ಎರಡು ಹೆಬ್ಬೆರಳೂ ಮುಷ್ಟಿಯೊಳಗೆ. ಅವನ ಗಂಟಲು ಕಟ್ಟಿದಾಗ ಆ ಮುಷ್ಟಿಗಳು ಇನ್ನಷ್ಟು ಬಿಗಿಯಾದವು. 'ಮತ್ತೆ ಸಡಿಲಾನೇ ಹೊಲಿದೆ' ಎಂದು ಅವನು ಹೇಳಿ ಮುಗಿಸಿದಾಗ ಗೆಣ್ಣುಗಳು ಮುಸುಕಿಗಿಂತ ಬೆಳ್ಳಗಾದವು.

ಇಲಿ ಅಷ್ಟು ನೇರವಾಗಿ ಕಡಿಯುವುದಿಲ್ಲ ಎಂಬುದು ವೆಂಡೆಲಿನ್‌ಗೆ ಆಗ ಹೊಳೆಯಿತು. ಚರ್ಮದ ಕೆಲಸದಲ್ಲೇ ಮುದುಕನಾದವನಿಗೆ, ಚಾಕುವಿನ ಗುರುತು ತಿಳಿಯಲು ಚಳಿಗಾಲ ಕಳೆಯಬೇಕಾಯಿತು.

"ಏನೋ, ನಿನ್ನ ಅಭಿನಯಕ್ಕೆ ನೀನೇ ಅಳ್ತಿದೀಯಾ?" ಎಂದು ಕ್ವಿರಿನ್ ಬೆನ್ನಿಗೆ ಗುದ್ದಿದ.

ಸಿನಿಮಾ ಸುತ್ತಮುತ್ತಲ ಪೇಟೆಗಳಲ್ಲೆಲ್ಲ ಚೆನ್ನಾಗಿ ಓಡಿತು. ಜನ ಹಿಂಟರ್‌ಮೋಸ್‌ಗೆ ಬಂದು ಆ ಸೌದೆ ಎಲ್ಲಿದೆ ಎಂದು ಕೇಳತೊಡಗಿದರು. ಊರಿನವರು ಸಭೆ ಸೇರಿ, ಹಳೆಯ ನಾಟಕದಲ್ಲಿದ್ದ ಸೇಬು, ಗೋಧಿಗಳನ್ನು ತೆಗೆದುಹಾಕಿ, ಆ ಜಾಗಕ್ಕೆ ಬುಟ್ಟಿ ಪಟ್ಟಿಯ ಮಾತುಗಳನ್ನು ಸೇರಿಸಿದರು. ಬಕೆಟ್ ಮಾತ್ರ ಬೇಕೇ ಬೇಕು, ಅದಿಲ್ಲದಿದ್ದರೆ ನಾಟಕವೇ ಅಲ್ಲ ಎಂದು ಕ್ರೆಸೆನ್ಸ್ ಪಟ್ಟು ಹಿಡಿದಳು.

ಈಗ ಪ್ರತಿ ಅಕ್ಟೋಬರ್‌ನಲ್ಲಿ ವೆಂಡೆಲಿನ್ ಹೂವಿನ ಏಪ್ರನ್ ಕಟ್ಟಿಕೊಂಡು, ಅದೇ ಸೌದೆಯ ಮೇಲೆ, ಕ್ರೆಸೆನ್ಸ್‌ಳ ಮುಂದೆ ಮೊಣಕಾಲೂರುತ್ತಾನೆ. ನಿನ್ನ ಬುಟ್ಟಿ ಪಟ್ಟಿ ಇದೆಯಲ್ಲ ಎನ್ನುತ್ತಾನೆ. ಒಂದು ಮಾತೂ ತಪ್ಪುವುದಿಲ್ಲ. ಕುದುರೆಗಳ ಮಾತು ಬರುವ ಮೊದಲೇ ಜನ ನಗಲು ಸಿದ್ಧರಾಗಿರುತ್ತಾರೆ. ಹೋಗಬೇಡ ಎಂಬಲ್ಲಿ ಅವನಿಗೆ ಪ್ರತಿ ಸಲವೂ ಕಣ್ಣೀರು ಬರುತ್ತದೆ. "ಅದು ಹೇಗೋ ತರಿಸ್ತೀಯ ಅಷ್ಟು ಸಲೀಸಾಗಿ?" ಎಂದು ಕ್ರೆಸೆನ್ಸ್ ಆಮೇಲೆ ಕೇಳುತ್ತಾಳೆ. ಅವಳೂ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ನಿಂತಿರುತ್ತಾಳೆ. ಆ ಕೈಗಳಲ್ಲಿ ಬಕೆಟ್ ಇರುತ್ತದೆ.